ಎರೆ ಮಣ್ಣಿಗೊಂದು ಪೆಡಲ್, ಕೆಂಪು ಮಣ್ಣಿಗೊಂದು

ಧಾರವಾಡದಲ್ಲಿ ಮೌಂಟನ್ ಬೈಕ್ ಓಡಿಸುವವರಿಗೆ ಎರಡು ಬಗೆಯ ನೆಲ ಸಿಗುತ್ತದೆ. ಕಲಘಟಗಿ, ಅಳ್ನಾವರದ ಕಡೆ ಹೋದರೆ ಕೆಂಪು ಮಣ್ಣು, ಕಲ್ಲು. ಹೆಬ್ಬಳ್ಳಿ, ಅಣ್ಣಿಗೇರಿ ಕಡೆ ಹೊರಳಿದರೆ ಅಪ್ಪಟ ಎರೆ, ನೆನೆದರೆ ಅಂಟಿಕೊಳ್ಳುವ ಕಪ್ಪು ಮಣ್ಣು. ಯಾವ ಪೆಡಲ್ ಬೇಕು ಅನ್ನೋದನ್ನ ನನಗೆ ಕಲಿಸಿದ್ದು ಈ ಎರಡು ಮಣ್ಣು.

ಮೊದಲ ವರ್ಷ ಸೈಕಲ್ ಜೊತೆ ಬಂದ ಪ್ಲಾಸ್ಟಿಕ್ ಪೆಡಲ್ ಮೇಲೆಯೇ ತುಳಿದೆ. ಒಣ ಹಾದಿಯಲ್ಲಿ ತೊಂದರೆ ಇರಲಿಲ್ಲ. ಒಂದು ದಿನ ತುಂತುರು ಮಳೆಯಲ್ಲಿ, ಕಲ್ಲಿನ ಇಳಿಜಾರಿನಲ್ಲಿ ಕಾಲು ಜಾರಿತು. ಪೆಡಲ್ ತಿರುಗಿ ಬಂದು ಮುಂಗಾಲಿಗೆ ಬಡಿಯಿತು. ಇನ್ನು ಕಾಲು ಜಾರಲೇಬಾರದು ಅಂತ ಕ್ಲಿಪ್ ಪೆಡಲ್ ಹಾಕಿದೆ.

ಕ್ಲಿಪ್ ಪೆಡಲ್‌ಗೆ ಬೇರೆ ಶೂ ಬೇಕು. ಅದರ ತಳಕ್ಕೆ ಕ್ಲೀಟ್ ಅನ್ನುವ ಲೋಹದ ತುಂಡನ್ನು ಎರಡು ಸ್ಕ್ರೂ ಹಾಕಿ ಬಿಗಿಯುತ್ತಾರೆ. ಅದು ಪೆಡಲ್‌ನ ಸ್ಪ್ರಿಂಗಿಗೆ ಕಚ್ಚಿಕೊಳ್ಳುತ್ತದೆ. ಹಿಮ್ಮಡಿ ಹೊರಕ್ಕೆ ತಿರುವಿದರೆ ಬಿಡುತ್ತದೆ. ಸ್ಪ್ರಿಂಗ್ ಪೂರ್ತಿ ಸಡಿಲ ಮಾಡಿಕೊಂಡು, ಹುಲ್ಲಿನ ಮೇಲೆ ಒಂದು ವಾರ ಹಾಕೋದು, ಬಿಡಿಸೋದು, ಇಷ್ಟೇ ಮಾಡಿದೆ. ಆಮೇಲೆ ಕಲಘಟಗಿ ಕಡೆಯ ಏರಿನಲ್ಲಿ ಅದರ ಸುಖ ಗೊತ್ತಾಯಿತು. ಸೈಕಲ್ ಎಷ್ಟೇ ಕುಲುಕಿದರೂ ಕಾಲು ಕದಲಲಿಲ್ಲ.

ಅದೇ ಉಮೇದಿನಲ್ಲಿ ಶ್ರಾವಣದಲ್ಲಿ ಹೆಬ್ಬಳ್ಳಿ ಕಡೆಯ ಹೊಲದ ಹಾದಿಗೆ ಇಳಿದೆ. ನೂರು ಮಾರು ಹೋಗೋದರೊಳಗೆ ಚಕ್ರ ನಿಂತಿತು. ಇಳಿದು ನೂಕಿದೆ. ಮತ್ತೆ ಹತ್ತಿದರೆ ಕ್ಲೀಟ್ ಕಚ್ಚಲೇ ಇಲ್ಲ. ತಳದ ತುಂಬ ಎರೆ ಮೆತ್ತಿಕೊಂಡಿತ್ತು. ಕಡ್ಡಿಯಿಂದ ಕೆದರಿ ಹೇಗೋ ಹಾಕಿಕೊಂಡರೆ ಆಮೇಲೆ ಬಿಡಲಿಲ್ಲ, ಸೈಕಲ್ ಸಮೇತ ಬಿದ್ದೆ. ಬದುವಿನ ಮೇಲಿದ್ದ ಅಜ್ಜಾರು ಓಡಿ ಬಂದು ಎತ್ತಿದರು. "ತಮ್ಮಾ, ಎರಿ ಹಸಿ ಇದ್ದಾಗ ನಾವು ಚಕ್ಕಡಿನೂ ಹೂಡೂದಿಲ್ಲ" ಅಂದರು. ಪೆಡಲ್ ತಪ್ಪಲ್ಲ ಅದು. ಹಸಿ ಎರೆಗೆ ಅದು ಹೊಂದೋದಿಲ್ಲ, ಅಷ್ಟೇ.

ಆಗ ಕೊಂಡಿದ್ದು ಮುಳ್ಳು ಪಿನ್ ಇರುವ ಅಗಲದ ಫ್ಲಾಟ್ ಪೆಡಲ್. ನೈಲಾನಿನದು, ಪಿನ್ ಮಾತ್ರ ಲೋಹದ್ದು. ಇದಕ್ಕೆ ಮೆತ್ತನೆ ರಬ್ಬರಿನ, ಚಪ್ಪಟೆ ತಳದ ಶೂ ಜೋಡಿಯಾಗಬೇಕು. ಓಡುವ ಶೂಗಳ ದಪ್ಪ, ಬಾಗಿದ ತಳಕ್ಕೆ ಪಿನ್ ಸರಿಯಾಗಿ ಹಿಡಿಯೋದಿಲ್ಲ. ನಾನು ಮೊದಲು ಅದರಲ್ಲೇ ಹೋಗಿ, ಪೆಡಲ್ಲೇ ಸರಿಯಿಲ್ಲ ಅಂದುಕೊಂಡಿದ್ದೆ! ಇಳಿಜಾರಿನಲ್ಲಿ ಹಿಮ್ಮಡಿ ಕೆಳಗೆ ಒತ್ತೋದನ್ನ ಕಲಿತ ಮೇಲೆ ಕಾಲು ಗಟ್ಟಿಯಾಗಿ ನಿಂತಿತು. ಹೊಸಬರಿಗೆ ನಾನು ಹೇಳೋದೂ ಇದನ್ನೇ: ಮೊದಲು ಒಳ್ಳೆ ಫ್ಲಾಟ್ ತಗೊಳ್ಳಿ. ಹೆದರಿಕೆ ಆದ ತಕ್ಷಣ ಕಾಲು ಕೆಳಗಿಡಬಹುದು, ಅಲ್ವಾ?

ಈಗ ಜೂನಿನ ಮಿರಗದ ಮಳೆ ಶುರುವಾದರೆ ಫ್ಲಾಟ್, ದೀಪಾವಳಿ ಕಳೆದ ಮೇಲೆ ಕ್ಲಿಪ್. ಬದಲಿಸಲು 15 ಮಿ.ಮೀ. ಪಾನಾ, ಚೂರು ಗ್ರೀಸ್ ಸಾಕು. ಕೆಲವು ಪೆಡಲ್‌ಗೆ ಅಲೆನ್ ಕೀ (ಆರು ಮೂಲೆಯ ಕಡ್ಡಿ ಪಾನಾ) ಬೇಕಾಗುತ್ತದೆ. ಎಡಗಡೆ ಪೆಡಲ್‌ಗೆ ಮಾತ್ರ ಉಲ್ಟಾ ಥ್ರೆಡ್ ಇರುತ್ತದೆ, ಅಂದರೆ ಎಡಕ್ಕೆ ತಿರುವಿದರೆ ಬಿಗಿ, ಬಲಕ್ಕೆ ತಿರುವಿದರೆ ಸಡಿಲ. ಕೈಯಿಂದ ಮೂರ್ನಾಲ್ಕು ಸುತ್ತು ಸಲೀಸಾಗಿ ಹೋದ ಮೇಲೆಯೇ ಪಾನಾ ಹಾಕಿ.