ಮಾಡೆಲ್ ವಿಮಾನಕ್ಕೆ ಪೆಟ್ರೋಲ್ ತುಂಬಿಸುವಾಗ ಕಿಡಿ ದೂರವಿರಲಿ

ಪೆಟ್ರೋಲ್ ಎಂಜಿನ್ನಿನ ಮಾಡೆಲ್ ವಿಮಾನ ಹಾರಿಸುವವರಲ್ಲಿ ಬಹಳ ಜನ 12 ವೋಲ್ಟಿನ ಪುಟ್ಟ ಪಂಪ್ ಇಟ್ಟುಕೊಂಡಿರುತ್ತಾರೆ. ಸ್ವಿಚ್ ಒತ್ತಿದರೆ ಅರ್ಧ ಲೀಟರಿನ ಟ್ಯಾಂಕ್ ಬೇಗ ತುಂಬುತ್ತದೆ. ಆದರೆ ಆ ಪಂಪಿನ ಮೋಟರಿನಲ್ಲಿ ಸಾಮಾನ್ಯವಾಗಿ ಬ್ರಷ್ ಇರುತ್ತದೆ, ಅಂದರೆ ತಿರುಗುವ ಭಾಗಕ್ಕೆ ಉಜ್ಜುತ್ತಾ ವಿದ್ಯುತ್ ಕೊಡುವ ತುಂಡು. ತಿರುಗುವಾಗ ಅಲ್ಲಿ ಸಣ್ಣ ಕಿಡಿ ಏಳುವುದು ಮಾಮೂಲು. ಶಾಫ್ಟಿನ ಸೀಲ್ ಸವೆದು ಪೆಟ್ರೋಲ್ ಮೋಟರಿನೊಳಕ್ಕೆ ಜಿನುಗಿದರೆ ಮುಂದಿನದ್ದನ್ನು ಹೇಳಬೇಕಿಲ್ಲ.

ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಗಾಳಿಯಲ್ಲಿ ಈ ಆವಿ ಶೇ 1.4ರಷ್ಟು ಇದ್ದರೂ ಸಾಕು, ಕಿಡಿ ತಗುಲಿದರೆ ಬೆಂಕಿ. ಟೂ-ಸ್ಟ್ರೋಕ್ ಎಂಜಿನ್ನಿನ 2T ಆಯಿಲ್ ಬೆರೆಸಿದ ಮಾತ್ರಕ್ಕೆ ಅಪಾಯವೇನೂ ಕಡಿಮೆಯಾಗುವುದಿಲ್ಲ. ಇನ್ನೊಂದು ವಿಷಯ, ಈ ಆವಿ ಗಾಳಿಗಿಂತ 3–4 ಪಟ್ಟು ಭಾರ. ನೆಲದ ಮೇಲೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಹಾಗಾಗಿ ಬ್ಯಾಟರಿಯನ್ನು ಕ್ಯಾನಿನ ಪಕ್ಕದಲ್ಲೇ ನೆಲದ ಮೇಲೆ ಇಡುವ ಅಭ್ಯಾಸವನ್ನು ಮೊದಲು ಬಿಡಬೇಕು.

ಜಾಗ ಮತ್ತು ಕ್ಯಾನ್

ಬಯಲಿನಲ್ಲಿ, ಗಾಳಿಯಾಡುವ ಕಡೆ ತುಂಬಿಸಿ. ಕಾರಿನ ಡಿಕ್ಕಿಯಲ್ಲಿ ಕ್ಯಾನ್ ಇಟ್ಟುಕೊಂಡು ತುಂಬಿಸುವುದು ಬೇಡವೇ ಬೇಡ. ಅಲ್ಲಿ ಆವಿ ಸೇರಿಕೊಳ್ಳುತ್ತದೆ, ಕಾರ್ಪೆಟ್ ಮೇಲಿಟ್ಟ ಕ್ಯಾನಿನಲ್ಲಿ ಸ್ಥಿರ ವಿದ್ಯುತ್ತೂ ಉಳಿದುಬಿಡುತ್ತದೆ. ಕ್ಯಾನ್ ಲೋಹದ್ದಾಗಿರಲಿ. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ, ಮಾರಾಟಕ್ಕಲ್ಲದ ಪೆಟ್ರೋಲನ್ನು 30 ಲೀಟರ್‌ವರೆಗೆ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು. ಆದರೆ ಅದು ಭದ್ರವಾಗಿ ಮುಚ್ಚಿದ ಗಾಜು, ಪಿಂಗಾಣಿ ಅಥವಾ ಲೋಹದ ಪಾತ್ರೆಯಲ್ಲಿರಬೇಕು. ನೀರಿನ ಬಾಟಲಿಗೆ ಅಲ್ಲಿ ಜಾಗವಿಲ್ಲ.

ಜೋಡಿಸುವ ಕ್ರಮ

ವಿಮಾನದ ಇಗ್ನಿಷನ್ ಆಫ್ ಮಾಡಿ. ಈಗಷ್ಟೇ ಇಳಿದ ವಿಮಾನವಾದರೆ ಸೈಲೆನ್ಸರ್ ಆರುವವರೆಗೆ ಸುಮ್ನೆ ಕಾಯಿರಿ. ಇಲ್ಲಿ ಅವಸರ ಮಾಡುವವರೇ ಜಾಸ್ತಿ.

ಪಂಪಿಗೆ ಉದ್ದನೆಯ ವೈರ್ ಹಾಕಿಸಿ. ಬ್ಯಾಟರಿ ಮತ್ತು ಸ್ವಿಚ್ ಎರಡೂ ಕ್ಯಾನಿನಿಂದ ದೂರದಲ್ಲಿ, ಗಾಳಿ ಬೀಸಿ ಬರುವ ಕಡೆ, ಸ್ಟೂಲಿನ ಮೇಲಿರಲಿ. ಬ್ಯಾಟರಿಗೆ ಕ್ಲಿಪ್ ಕಚ್ಚಿಸುವಾಗಲೂ ಕಿಡಿ ಹಾರುತ್ತದಲ್ವಾ? ಆದ್ದರಿಂದ ಸ್ವಿಚ್ ಆಫ್ ಇಟ್ಟು, ಕ್ಯಾನ್ ಮುಚ್ಚಿರುವಾಗಲೇ ಕ್ಲಿಪ್ ಹಾಕಿ. ಮುಚ್ಚಳ ತೆಗೆಯುವುದು ಆಮೇಲೆ. ತುಂಬಿಸಿ ಮುಗಿದು ಕ್ಲಿಪ್ ತೆಗೆಯುವಾಗ ಇದರ ಉಲ್ಟಾ: ಮೊದಲು ಸ್ವಿಚ್ ಆಫ್, ಆಮೇಲೆ ಕ್ಯಾನಿಗೆ ಮುಚ್ಚಳ, ಕೊನೆಗೆ ಕ್ಲಿಪ್.

ಇನ್ನು ಸ್ಥಿರ ವಿದ್ಯುತ್. ಇದನ್ನು ಹೆಚ್ಚಿನವರು ತಲೆಗೇ ಹಾಕಿಕೊಳ್ಳುವುದಿಲ್ಲ. ಪ್ಲಾಸ್ಟಿಕ್ ಟ್ಯೂಬಿನಲ್ಲಿ ಪೆಟ್ರೋಲ್ ರಭಸವಾಗಿ ಹರಿದರೆ ಚಾರ್ಜ್ ಹುಟ್ಟುತ್ತದೆ, ಫಿಲ್ಟರ್ ದಾಟುವಾಗ ಇನ್ನೂ ಹೆಚ್ಚುತ್ತದೆ. ಟ್ಯಾಂಕಿನ ಬಾಯಲ್ಲಿ ಅದು ಕಿಡಿಯಾಗಿ ಹಾರಬಹುದು. ತೆಳುವಾದ ತಾಮ್ರದ ವೈರಿನಿಂದ ಲೋಹದ ಕ್ಯಾನ್, ಪಂಪಿನ ಲೋಹದ ಭಾಗ, ವಿಮಾನದ ಪೆಟ್ರೋಲ್ ತುಂಬುವ ಹಿತ್ತಾಳೆ ನಳಿಗೆ, ಈ ಮೂರನ್ನೂ ಜೋಡಿಸಿ. ಕ್ಯಾನ್ ನೇರವಾಗಿ ನೆಲದ ಮೇಲಿರಲಿ. ಮುಚ್ಚಳ ಮುಟ್ಟುವ ಮೊದಲು ಕ್ಯಾನಿನ ಲೋಹವನ್ನು ಬರಿಗೈಯಲ್ಲಿ ಮುಟ್ಟಿ. ಪಂಪಿನ ವೇಗ ಕಡಿಮೆ ಇಡಿ. ಎರಡು ನಿಮಿಷ ಹೆಚ್ಚಾದರೆ ಏನೂ ಮುಳುಗುವುದಿಲ್ಲ.

ಸಿಲಿಕೋನ್ ಟ್ಯೂಬ್ ಮೆಥನಾಲ್ ಇಂಧನದ ಗ್ಲೋ ಎಂಜಿನ್ನಿಗೆ ಸರಿ, ಪೆಟ್ರೋಲಿನಲ್ಲಿ ಅದು ಊದಿಕೊಳ್ಳುತ್ತದೆ. ಪೆಟ್ರೋಲಿಗೆಂದೇ ಬರುವ ಹಳದಿ ಟ್ಯೂಬ್ ಬಳಸಿ. ಗಟ್ಟಿಯಾಗಿದ್ದರೆ, ಬಿರುಕು ಕಂಡರೆ ಬದಲಿಸಿ.

ತುಂಬುವಾಗ ಕಣ್ಣು ಟ್ಯಾಂಕಿನ ಗಾಳಿ ಹೊರಹೋಗುವ ವೆಂಟ್ ನಳಿಗೆಯ ಮೇಲಿರಲಿ. ಅಲ್ಲಿಂದ ಹನಿ ಕಂಡ ಕೂಡಲೇ ನಿಲ್ಲಿಸಿ. ಪೆಟ್ರೋಲ್ ಚೆಲ್ಲಿದರೆ ಒರೆಸಿ, ವಿಮಾನವನ್ನು ಬೇರೆ ಜಾಗಕ್ಕೆ ಒಯ್ದು, ವಾಸನೆ ಹೋದ ಮೇಲೆ ಸ್ಟಾರ್ಟ್ ಮಾಡಿ.

ನನ್ನನ್ನು ಕೇಳಿದರೆ, ಚಿಕ್ಕ ಟ್ಯಾಂಕಿನ ವಿಮಾನಕ್ಕೆ ಈ ಪಂಪೇ ಬೇಡ. ಕೈಯಲ್ಲಿ ತಿರುಗಿಸುವ ಪಂಪ್ ಸಾಕು. ಆದರೂ ತಾಮ್ರದ ವೈರ್ ಮಾತ್ರ ಬಿಡಬೇಡಿ.

ಬೆಂಕಿ ಬಿದ್ದರೆ

ಕಾರ್ಬನ್ ಡೈಆಕ್ಸೈಡ್ ಅಥವಾ ಡ್ರೈ ಪೌಡರಿನ ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಲ್ಲಿರಲಿ, ಕಾರಿನೊಳಗಲ್ಲ. ಉರಿಯುವ ಪೆಟ್ರೋಲಿಗೆ ನೀರು ಹಾಕಿದರೆ ಬೆಂಕಿ ಹರಡುತ್ತದೆ. ಪಂಪ್ ಆಫ್ ಮಾಡಿ. ಉರಿಯುವ ಟ್ಯೂಬನ್ನು ಕಿತ್ತೆಳೆಯಬೇಡಿ, ಪೆಟ್ರೋಲ್ ಮೈಮೇಲೆ ಚಿಮ್ಮೀತು. ಗಾಳಿಗೆ ಬೆನ್ನು ಮಾಡಿ ನಿಂತು, ಉರಿಯ ಬುಡಕ್ಕೆ ಸಿಂಪಡಿಸಿ. ವಿಮಾನದೊಳಗಿನ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಗೂ ಬೆಂಕಿ ತಗುಲಿತೋ, ವಿಮಾನದ ಆಸೆ ಬಿಟ್ಟು ದೂರ ಸರಿಯಿರಿ, ಫೈರ್ ಸರ್ವಿಸ್‌ಗೆ ಫೋನ್ ಮಾಡಿ.

ಹಾರಾಟ ಮುಗಿದ ಮೇಲೆ ಟ್ಯಾಂಕಿನಲ್ಲಿ ಉಳಿದದ್ದನ್ನು ಇದೇ ಕ್ರಮದಲ್ಲಿ ಕ್ಯಾನಿಗೆ ವಾಪಸ್ ಎಳೆದುಕೊಳ್ಳಿ. ಒರೆಸಿದ ಬಟ್ಟೆಯನ್ನು ಬಯಲಲ್ಲಿ ಹರಡಿ, ಪೂರ್ತಿ ಒಣಗಿದ ಮೇಲಷ್ಟೇ ಕಾರಿಗೆ ಹಾಕಿ.