ಮಂಗಳ ಗ್ರಹದ ಕಥೆ ಹೇಳಿ ಇಂಗ್ಲಿಷ್ ವ್ಯಾಕರಣ ಕಲಿಸಿದ್ದು: ನನ್ನ ಅನುಭವ

ಒಂಬತ್ತನೇ ತರಗತಿಗೆ ಪದ, ಸ್ಪೆಲಿಂಗ್, ವ್ಯಾಕರಣ ಮೂರನ್ನೂ ಒಂದೇ ಕಥೆಯಿಂದ ಕಲಿಸುತ್ತೇನೆ, ಅದೂ ಮಂಗಳ ಗ್ರಹದ ಕಥೆಯಿಂದ ಅಂತ ತಾಲ್ಲೂಕು ಮಟ್ಟದ ಇಂಗ್ಲಿಷ್ ಶಿಕ್ಷಕರ ಸಭೆಯಲ್ಲಿ ಹೇಳಿದ್ದೆ. ಒಬ್ಬ ಹಿರಿಯರು ಎದ್ದು, "ಹುಡುಗರಿಗೆ ‘ದಿ’ ಎಲ್ಲಿ ಹಾಕಬೇಕಂತ ಗೊತ್ತಿಲ್ಲ, ಮೇಡಂ ಮಂಗಳಕ್ಕ ಹೊಂಟಾರ" ಅಂದರು. ಎಲ್ಲರೂ ನಕ್ಕರು. ಹೋದ ವರ್ಷದಿಂದ ಅವರೇ ಕಥೆಯ ಕಂತು ಕಳಿಸಿ ಅಂತ ಫೋನ್ ಮಾಡುತ್ತಿದ್ದಾರೆ. ಅವರೊಬ್ಬರೇ ಅಲ್ಲ, ಸಿಂದಗಿ ಕಡೆಯವರೂ ಕೇಳಿದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಬಾಯಿ ನೋಯುತ್ತಿದೆ. ಹಾಗಾಗಿ ಒಂದು ಸಲ ಬರೆದೇ ಬಿಡೋಣ ಅಂತ ಕೂತೆ.

ನಮ್ಮದು ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ಕನ್ನಡ ಮಾಧ್ಯಮ. ಸುತ್ತ ನಿಂಬೆ ತೋಟ, ದ್ರಾಕ್ಷಿ ಪಡ. ಅರ್ಧದಷ್ಟು ಮಕ್ಕಳ ಮನೆಮಾತು ಕನ್ನಡ, ಉಳಿದವರದು ಲಂಬಾಣಿ, ಮರಾಠಿ, ಉರ್ದು. ಸೀಸನ್ ಶುರುವಾದರೆ ಒಂದಷ್ಟು ಮಕ್ಕಳು ಅಪ್ಪ ಅಮ್ಮನ ಜೊತೆ ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಹೋಗಿಬಿಡುತ್ತಾರೆ. ಇಂಥ ತರಗತಿ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ.

ಮೊದಲ ವರ್ಷ ಪೂರ್ತಿ ನೆಲ ಕಚ್ಚಿತು. ಮಕ್ಕಳಿಗಾಗಿ ಬರೆದ ಒಂದು ಇಂಗ್ಲಿಷ್ ಕಥೆಯನ್ನು ಸಣ್ಣದು ಮಾಡಿ ಕೊಟ್ಟೆ. ಸಾಲಿಗೆ ಎರಡು ಡಿಕ್ಷನರಿ ಪದ. ಎರಡನೇ ವಾರಕ್ಕೆ ಮುಂದಿನ ಬೆಂಚಿನ ಒಬ್ಬ ಹುಡುಗ ಮಾತ್ರ ಕೇಳುತ್ತಿದ್ದ, ಅವನಿಗೂ ರಾಕೆಟ್ಟಿನ ಚಿತ್ರ ಬೇಕಿತ್ತು ಅಷ್ಟೇ. ಆಮೇಲೆ ನಾನೇ ಒಂದು ಕಥೆ ಬರೆದೆ. ಅಮೆರಿಕದ ಹೀರೊ, ಹೆಸರು ಜಾನ್. ಮಕ್ಕಳು ಅಚ್ಚುಕಟ್ಟಾಗಿ ಕಾಪಿ ಮಾಡಿದರು, ಜಾನ್ ಬದುಕಿದನೋ ಸತ್ತನೋ ಒಬ್ಬರೂ ಕೇಳಲಿಲ್ಲ. ಸ್ಮಾರ್ಟ್ ಕ್ಲಾಸ್ ಟಿವಿಯಲ್ಲಿ ವಿಡಿಯೊ ಹಾಕಿ ನೋಡಿದೆ. ಚಿತ್ರ ಓಡುತ್ತಿದ್ದರೆ ಕೆಳಗಿನ ಅಕ್ಷರ ಯಾರು ಓದುತ್ತಾರೆ? ಅರ್ಧಕ್ಕೆ ಕರೆಂಟೂ ಹೋಗುತ್ತಿತ್ತು. ಜೆರಾಕ್ಸಿಗೇ ಸುಮಾರು ಸಾವಿರದ ಇನ್ನೂರು ಖರ್ಚಾಗಿತ್ತು, ಅದು ನೀರಿಗೆ ಹೋಯಿತು.

ಮುಂದಿನ ವರ್ಷ ಕಥೆಯನ್ನು ಗೋಳಗುಮ್ಮಟಕ್ಕೆ ತಂದೆ. ಅಲ್ಲಿಂದ ಗಾಡಿ ಓಡಿತು.

1656ರ ಆ ಗುಮ್ಮಟದ ಒಳಗೆ ಒಂದು ಸಲ ಕೂಗಿದರೆ ಏಳೆಂಟು ಸಲ ಮರಳಿ ಕೇಳುತ್ತದೆ. ನಮ್ಮ ಜಿಲ್ಲೆಯ ಮಕ್ಕಳಿಗೆ ಇದನ್ನು ವಿವರಿಸಬೇಕಿಲ್ಲ. ನನ್ನ ಕಥೆಯಲ್ಲಿ ತಾಂಡಾದ ಹುಡುಗಿ ರೇಣುಕಾ ಪಿಸುಮಾತಿನ ಗ್ಯಾಲರಿಯಲ್ಲಿ ನಿಂತು ‘ಹಲೋ’ ಅನ್ನುತ್ತಾಳೆ. ಏಳು ಹಲೋ ವಾಪಸ್ ಬರುತ್ತವೆ. ಎಂಟನೆಯದು ತಡವಾಗಿ ಬರುತ್ತದೆ, ಬೇರೆಯವರ ದನಿಯಲ್ಲಿ. ‘ದಿ ಏಯ್ತ್ ಎಕೋ ವಾಸ್ ನಾಟ್ ಅವರ್ಸ್.’ ಮೊದಲ ಕಂತು ಇಲ್ಲಿಗೆ ಮುಗಿಯುತ್ತದೆ. ಬೆಲ್ ಹೊಡೆದರೂ ಮಕ್ಕಳು ಏಳಲಿಲ್ಲ. ಆ ದನಿ ಮಂಗಳದ ಒಂದು ಠಾಣೆಯಲ್ಲಿ ಸಿಕ್ಕಿಬಿದ್ದ ಹುಡುಗನದು ಅಂತ ಎರಡನೇ ಕಂತಿನಲ್ಲಿ ಗೊತ್ತಾಗುತ್ತದೆ.

ನಮ್ಮ ವಿಜ್ಞಾನದ ಸರ್ ಜಗಳಕ್ಕೇ ಬಂದರು. "ನಡುವ ಗಾಳಿನ ಇಲ್ಲ, ಅಲ್ಲಿಂದ ಸದ್ದು ಹೆಂಗ ಬರತೈತಿ ಮೇಡಂ? ಮಕ್ಕಳಿಗೆ ತಪ್ಪು ಕಲಿಸಬ್ಯಾಡ್ರಿ." ಸರಿ ಅಂತ ಅವರ ಮಾತನ್ನೇ ಕಥೆಯೊಳಗೆ ಇಟ್ಟೆ. ರೇಣುಕಾಳ ಮೇಷ್ಟ್ರು ಅದೇ ಪ್ರಶ್ನೆ ಕೇಳುತ್ತಾರೆ. ಉತ್ತರ ಹುಡುಕುತ್ತಾ ಹೋದರೆ ಸದ್ದು ಬಂದದ್ದಲ್ಲ, ರೇಡಿಯೊ ಅಲೆ ಬಂದು ಇಲ್ಲಿ ಸದ್ದಾಯಿತು ಅಂತ ಆಗುತ್ತದೆ. ಕಂಡಿಷನಲ್ ಸೆಂಟೆನ್ಸ್ ಪೂರ್ತಿ ಈ ವಾದದಲ್ಲೇ ಮುಗಿಸಿದೆ. ಗಾಳಿ ಇರದಿದ್ದರೆ ಕೇಳುತ್ತಿರಲಿಲ್ಲ, ನಾನು ಅಲ್ಲಿದ್ದಿದ್ದರೆ ಹೀಗೆ ಮಾಡುತ್ತಿದ್ದೆ, ಇಂಥವು. ‘ಇಫ್ ಐ ವರ್’ ಅಂದರೆ ಪ್ಲೂರಲ್ ತಾನೇ ಟೀಚರ್ ಅಂತ ಕೇಳುತ್ತಿದ್ದವರು, ಇಲ್ಲದ್ದನ್ನು ಇದ್ದಂತೆ ಹೇಳುವಾಗ ‘ವರ್’ ಬರುತ್ತದೆ ಅಂತ ಒಪ್ಪಿಕೊಂಡರು. ಕಥೆ ತುಂಬ ಇಲ್ಲದ್ದೇ ಇತ್ತಲ್ಲ!

ಈ ವಿಧಾನದ ಜೀವ ಇರುವುದು ರಿಪೋರ್ಟೆಡ್ ಸ್ಪೀಚಿನಲ್ಲಿ, ಅಂದರೆ ಒಬ್ಬರು ಆಡಿದ ಮಾತನ್ನು ಇನ್ನೊಬ್ಬರು ಹೇಳುವುದರಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

‘ನೌ’ ಇದ್ದರೆ ‘ದೆನ್’ ಮಾಡಿ, ‘ಹಿಯರ್’ ಇದ್ದರೆ ‘ದೇರ್’ ಮಾಡಿ, ‘ಟುಡೇ’ ಇದ್ದರೆ ‘ದಟ್ ಡೇ’ ಅಂತ ಪಟ್ಟಿ ಬಾಯಿಪಾಠ ಮಾಡಿಸುತ್ತೇವೆ. ಯಾಕೆ ಅಂತ ಮಗು ಕೇಳಿದರೆ ರೂಲ್ ಹಾಗಿದೆ ಅನ್ನುತ್ತೇವೆ. ಈಗ ಮಂಗಳಕ್ಕೆ ಹೋಗೋಣ. ಅಲ್ಲಿಂದ ರೇಡಿಯೊ ಸಂದೇಶ ಭೂಮಿಗೆ ಬರಲು ಕಡಿಮೆ ಅಂದರೆ 3 ನಿಮಿಷ, ಎರಡೂ ಗ್ರಹ ದೂರ ಇದ್ದಾಗ 22 ನಿಮಿಷದವರೆಗೂ ಬೇಕು. ಬೆಳಕಿನ ವೇಗ ಅಷ್ಟೇ, ಅದಕ್ಕಿಂತ ಬೇಗ ಆಗುವುದಿಲ್ಲ. ಹುಡುಗ ‘ಐ ಆಮ್ ಹಂಗ್ರಿ ನೌ’ ಅನ್ನುತ್ತಾನೆ. ರೇಣುಕಾಳಿಗೆ ಅದು ಕೇಳುವಾಗ 22 ನಿಮಿಷ ಕಳೆದಿದೆ. ಅವಳು ಅದನ್ನು ಅಮ್ಮನಿಗೆ ಹೇಳಬೇಕು, ಹೇಗೆ ಹೇಳುತ್ತಾಳೆ ಅಂತ ಕೇಳಿದೆ. ಹಿಂದಿನ ಸಾಲಿನ ಒಬ್ಬಳು ಎದ್ದು, "ಅಂವಾ ಇಷ್ಟೊತ್ತಿಗೆ ಉಂಡಿರ್ತಾನಲ್ರಿ ಟೀಚರ್. ಹಸಿವಿತ್ತು ಅನಬೇಕು" ಅಂದಳು.

ಅಲ್ಲಿಗೆ ಆಯಿತು. ‘ಆಮ್’ ಹೋಗಿ ‘ವಾಸ್’ ಆಗಿದ್ದು, ‘ನೌ’ ಹೋಗಿ ‘ದೆನ್’ ಆಗಿದ್ದು ಆ ಹುಡುಗಿಯ ಬಾಯಿಂದಲೇ ಬಂತು. ‘ಹಿಯರ್’ ಯಾಕೆ ‘ದೇರ್’ ಆಗುತ್ತದೆ ಅಂತ ಬಿಡಿಸಿ ಹೇಳಲೇ ಇಲ್ಲ, ಅವನ ‘ಇಲ್ಲಿ’ ಮಂಗಳದಲ್ಲಿದೆ. ಪಟ್ಟಿಯನ್ನು ಮಕ್ಕಳೇ ಬೋರ್ಡ್ ಮೇಲೆ ಬರೆದರು. ಮೊದಲು ಎರಡು ವಾರ ತಿನ್ನುತ್ತಿದ್ದ ಪಾಠ, ಮೂರು ಪೀರಿಯಡ್ಡಿನಲ್ಲಿ ಮುಗಿಯಿತು. ಕಾಗೆ ನರಿ ಕಥೆಯಲ್ಲೂ, ರಾಜಕುಮಾರಿ ಕಥೆಯಲ್ಲೂ ಇದನ್ನು ಮಾಡಿ ನೋಡಿದ್ದೆ, ಆಗಲಿಲ್ಲ. ಅಲ್ಲಿ ಟೆನ್ಸ್ ತಪ್ಪಿದರೂ ಕಥೆಗೆ ಏನೂ ಆಗುವುದಿಲ್ಲ. ಇಲ್ಲಿ ಟೆನ್ಸ್ ತಪ್ಪಿದರೆ ರೇಣುಕಾ ಹಳೇ ಸುದ್ದಿಯನ್ನು ಹೊಸದು ಅಂದುಕೊಂಡು ತಪ್ಪು ಗುಂಡಿ ಒತ್ತುತ್ತಾಳೆ.

ಪ್ಯಾಸಿವ್ ವಾಯ್ಸಿಗೂ ಇದೇ ದಾರಿ. ‘ದಿ ಡೋರ್ ವಾಸ್ ಓಪನ್ಡ್.’ ಯಾರು ತೆರೆದರು? ಗೊತ್ತಿಲ್ಲ. ಠಾಣೆಯಲ್ಲಿ ಹುಡುಗ ಒಬ್ಬನೇ ಇದ್ದಾನೆ. ಮಾಡಿದವರು ಗೊತ್ತಿಲ್ಲದಾಗಲೇ ಪ್ಯಾಸಿವ್ ಬೇಕಾಗುವುದು. ‘ರಾಮನಿಂದ ಮಾವಿನಹಣ್ಣು ತಿನ್ನಲ್ಪಟ್ಟಿತು’ ಅಂತ ಯಾರಾದರೂ ಮಾತಾಡುತ್ತಾರಾ?

ಇನ್ನು ಸ್ಪೆಲಿಂಗ್. ನಮ್ಮ ಮಕ್ಕಳು ಪದವನ್ನು ಮೊದಲು ಮನಸ್ಸಿನಲ್ಲಿ ಕನ್ನಡದಲ್ಲಿ ಬರೆದುಕೊಂಡು ಆಮೇಲೆ ಇಂಗ್ಲಿಷಿಗೆ ಇಳಿಸುತ್ತಾರೆ. ಬ್ಯಾಟರಿಗೆ ಕನ್ನಡದಲ್ಲಿ ಯ ಒತ್ತು ಇದೆ, ಹಾಗಾಗಿ ಬಿ ಆದ ಮೇಲೆ ವೈ ಬಂದೇ ಬರುತ್ತದೆ. ಕ್ಯಾಪ್ಟನ್ ಅಂದರೆ ಕೆ-ವೈ-ಎ. ಕೆಂಪು ಪೆನ್ನಿನಲ್ಲಿ ಎಷ್ಟು ಸಲ ಹೊಡೆದರೂ ಆ ವೈ ಸಾಯುವುದಿಲ್ಲ. ಅದಕ್ಕೆ ಠಾಣೆಯಲ್ಲಿ ಒಂದು ಯಂತ್ರ ಇಟ್ಟೆ. ಏನು ಟೈಪ್ ಮಾಡಿದರೂ ಅದನ್ನೇ ತಯಾರು ಮಾಡಿಕೊಡುತ್ತದೆ, ತಪ್ಪಿದ್ದರೂ ಅಷ್ಟೇ. ವೈ ಸೇರಿಸಿ ಬ್ಯಾಟರಿ ಕೇಳಿದರೆ ಬ್ಯಾಟರಿ ಬರುವುದಿಲ್ಲ, ಬ್ಯಾಟರಿ ಭೂತ ಬರುತ್ತದೆ. ಅದಕ್ಕೆ ಕರೆಂಟ್ ಬೇಡ, ಇಂಡಿ ನಿಂಬೆಹಣ್ಣಿನ ಶರಬತ್ತೇ ಬೇಕು. ಮರುಭೂಮಿ ಅನ್ನುವ ‘ಡೆಸರ್ಟ್’ಗೆ ಒಂದು ಎಸ್ ಜಾಸ್ತಿ ಬಿದ್ದರೆ ಊಟದ ಕೊನೆಯ ಸಿಹಿ ಆಗುತ್ತದೆ, ನಿಮಗೆ ಗೊತ್ತು. ಒಬ್ಬ ಹುಡುಗನ ಆ ಒಂದು ಎಸ್‌ನಿಂದ ಇಡೀ ಮಂಗಳದ ಮರುಭೂಮಿ ಮಾದಲಿ ಆಗಿಹೋಯಿತು. ಎರಡು ಕಂತು ಅದರಲ್ಲೇ ನಡೆಯಿತು. ಆ ಹುಡುಗ ಬೇಜಾರಾಗಲಿಲ್ಲ, ಹೀರೊ ಆದ. ನೋಟ್‌ಬುಕ್ಕಿನಲ್ಲಿ ಮಕ್ಕಳು ಮಾಡಿದ ತಪ್ಪು ಮುಂದಿನ ವಾರದ ಕಥೆಗೆ ಬರುತ್ತದೆ, ಇದೇ ನನ್ನ ವ್ಯಾಪಾರದ ಗುಟ್ಟು.

ಸೈಲೆಂಟ್ ಲೆಟರ್ ಕೂಡ ಸುಲಭವಾಯಿತು. ‘ನೈಫ್’, ‘ನೀ’, ‘ನೋ’ ಇವುಗಳ ಕೆ ಅಕ್ಷರ ಠಾಣೆಯ ಹೊರಗೆ ನಿಂತಿದೆ. ಅಲ್ಲಿ ಗಾಳಿ ಇಲ್ಲವೇ ಇಲ್ಲ ಅನ್ನುವಷ್ಟು ತೆಳು. ಬಾಯಿ ತೆಗೆದು ಕೂಗುತ್ತಿದೆ, ಒಳಗೆ ಕೇಳುತ್ತಿಲ್ಲ, ಆದರೆ ಇದೆ. ಡಿಕ್ಟೇಶನ್ ಕೊಡುವಾಗ "ಹೊರಗ ಯಾರರ ನಿಂತಾರೇನ್ರಿ?" ಅಂತ ಮಕ್ಕಳು ಕೇಳುತ್ತಿದ್ದರು.

ನಡುವೆ ಒಂದು ಬೇರೆ ಪ್ರಯೋಗವೂ ಆಯಿತು. ಒಂದು ದಿನ ಬೆಳಗ್ಗೆ ಬೇಗ, ಜನ ಬರುವ ಮೊದಲೇ ಮಕ್ಕಳನ್ನು ಗೋಳಗುಮ್ಮಟಕ್ಕೇ ಕರೆದುಕೊಂಡು ಹೋದೆ. ಖರ್ಚು ಕಡಿಮೆ. ಹುಡುಗಿಯರಿಗೆ ಶಕ್ತಿ ಯೋಜನೆ ಇದೆ, ಹುಡುಗರ ಬಸ್ ಟಿಕೆಟ್ ಮಾತ್ರ ಕೈಯಿಂದ ಹಾಕಿದೆ. ಹದಿನೈದು ವರ್ಷದೊಳಗಿನವರಿಗೆ ಒಳಗೆ ಪ್ರವೇಶ ಶುಲ್ಕವೂ ಇಲ್ಲ. ಗ್ಯಾಲರಿಯಲ್ಲಿ ಒಬ್ಬಳು ಗೋಡೆಗೆ ಬಾಯಿಟ್ಟು ಒಂದೊಂದೇ ಅಕ್ಷರ ಪಿಸುಗುಟ್ಟಬೇಕು, ಎದುರುಗಡೆಯವನು ಬರೆದುಕೊಳ್ಳಬೇಕು. ಸ್ಪೆಲಿಂಗ್ ಟೆಸ್ಟ್! ಪೂರ್ತಿ ಕೆಟ್ಟುಹೋಯಿತು. ಬಿ, ಸಿ, ಡಿ, ಜಿ, ಪಿ, ಟಿ ಎಲ್ಲವೂ ‘ಈ’ ಅಂತಲೇ ಕೇಳುತ್ತವೆ, ಅದರ ಮೇಲೆ ಪ್ರತಿಧ್ವನಿ ಬೇರೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಪೈಲಟ್‌ಗಳು ಏನು ಮಾಡುತ್ತಾರೆ ಅಂತ ಹೇಳಿದೆ. ಆಲ್ಫಾ, ಬ್ರಾವೊ, ಚಾರ್ಲಿ ಅನ್ನುವ ಪಟ್ಟಿ 1956ರಿಂದ ಇದೆ. ಮಕ್ಕಳು ತಮ್ಮದೇ ಪಟ್ಟಿ ಮಾಡಿದರು. ಎ ಆಲಮಟ್ಟಿ, ಬಿ ಬಾಗೇವಾಡಿ, ಡಿ ದೇವರಹಿಪ್ಪರಗಿ, ಐ ಇಂಡಿ, ಕೆ ಕೊಲ್ಹಾರ, ಎಂ ಮುದ್ದೇಬಿಹಾಳ, ಎನ್ ನಿಡಗುಂದಿ, ಎಸ್ ಸಿಂದಗಿ, ಟಿ ತಾಳಿಕೋಟೆ. ಎಫ್‌ಗೆ ಊರು ಸಿಗಲಿಲ್ಲ, ಫುಟಾಣಿ ಇಟ್ಟರು. ಎಕ್ಸ್‌ಗೆ ಎಕ್ಸ್‌ರೇ, ಪೈಲಟ್‌ಗಳದ್ದೂ ಅದೇ. ರೇಣುಕಾ ಈಗ ಮಂಗಳಕ್ಕೆ ಸ್ಪೆಲಿಂಗ್ ಕಳಿಸುವುದು ಹೀಗೆ. ಬಿ-ಡಿ ಗೊಂದಲ ಇದ್ದ ಏಳೆಂಟು ಮಕ್ಕಳಿಗೆ ಇದರಿಂದ ಆದ ಲಾಭ ನಾನು ಎಣಿಸಿದ್ದಕ್ಕಿಂತ ಜಾಸ್ತಿ.

ಡಿಗ್ರೀಸ್ ಆಫ್ ಕಂಪ್ಯಾರಿಸನ್‌ಗೆ ಶುಕ್ರ ಗ್ರಹ ಇಟ್ಟುಕೊಳ್ಳಿ. ಅದು ತನ್ನ ಸುತ್ತ ಒಮ್ಮೆ ತಿರುಗಲು ಸುಮಾರು 243 ದಿನ ತೆಗೆದುಕೊಳ್ಳುತ್ತದೆ, ಸೂರ್ಯನ ಸುತ್ತ ಹೋಗಿ ಬರಲು 225. ‘ಒನ್ ಟರ್ನ್ ಈಸ್ ಲಾಂಗರ್ ದ್ಯಾನ್ ಒನ್ ಇಯರ್’ ಅಂತ ಬರೆದರೆ ಮಕ್ಕಳು ನೀವೇ ತಪ್ಪು ಬರೆದಿದ್ದೀರಿ ಅಂದರು. ವಿಜ್ಞಾನದ ಸರ್ ಬಂದು ಸಾಕ್ಷಿ ಹೇಳಿದರು. ಆಮೇಲಿಂದ ಅವರೂ ನಮ್ಮ ಪಾರ್ಟಿ.

ಕಬ್ಬಿನ ಸೀಸನ್ ಮುಗಿಸಿ ಬಂದ ಮಕ್ಕಳಿಗೆ ಉಳಿದವರೇ ಕಥೆ ಹೇಳಬೇಕು, ಇಂಗ್ಲಿಷಿನಲ್ಲೇ. ಸಿಂಪಲ್ ಪಾಸ್ಟ್ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆ ಪಾಠ ಯೋಜನೆ ನಾನು ಕಂಡಿಲ್ಲ. ಬಂದವರಿಗೆ ನಿಜವಾಗಿಯೂ ಗೊತ್ತಿಲ್ಲ, ಹೇಳುವವರಿಗೆ ಹೇಳುವ ಚಟ.

ದುಡ್ಡಿನ ಲೆಕ್ಕ ಎಲ್ಲರೂ ಕೇಳುತ್ತಾರೆ. ಎರಡು ಪುಟದ ಕಂತು, ನಲವತ್ತು ಚಿಲ್ಲರೆ ಮಕ್ಕಳು, ಪುಟಕ್ಕೆ ಒಂದು ರೂಪಾಯಿ. ಕಂತಿಗೆ ತೊಂಬತ್ತು ಅಂತ ಇಟ್ಟುಕೊಳ್ಳಿ. ವರ್ಷಕ್ಕೆ ಇಪ್ಪತ್ತು ಕಂತಿನ ಮೇಲೆ ಬರುತ್ತದೆ. ಯಾವ ಅನುದಾನದಲ್ಲಿ ಹಾಕಬೇಕು ಅಂತ ಹೆಡ್‌ಮಾಸ್ಟರ್ ಕೇಳಿದರು, ಯಾವುದರಲ್ಲೂ ಬರಲಿಲ್ಲ. ಆಮೇಲೆ ಜೆರಾಕ್ಸ್ ಬಿಟ್ಟು ಹಿಂದಿನ ಗೋಡೆಗೆ ಕಪ್ಪು ಬಣ್ಣ ಹೊಡೆಸಿದೆ. ಆರುನೂರು ಆಯಿತು, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅವರು ಅರ್ಧ ಕೊಟ್ಟರು. ಸೋಮವಾರ ಕಂತು ಗೋಡೆ ಮೇಲೆ ಬರುತ್ತದೆ, ಮಕ್ಕಳು ತಾವೇ ಬರೆದುಕೊಳ್ಳುತ್ತಾರೆ. ಕಾಪಿ ರೈಟಿಂಗೂ ಅದರಲ್ಲೇ ಆಯಿತು. ಚಾರ್ಟು, ಬಸ್ಸು, ಸಣ್ಣ ಸ್ಪೀಕರ್ ಎಲ್ಲ ಸೇರಿ ಇಲ್ಲಿಯವರೆಗೆ ಏಳೆಂಟು ಸಾವಿರ ನನ್ನ ಕೈಯಿಂದ ಹೋಗಿದೆ. ಮನೆಯವರು ಇದಕ್ಕಿಂತ ಜಾಸ್ತಿ ಕ್ರಿಕೆಟ್ ಟೂರ್ನಮೆಂಟಿಗೆ ಕೊಡುತ್ತಾರೆ, ಹಾಗಾಗಿ ಸುಮ್ನಿದ್ದಾರೆ.

ಫಲಿತಾಂಶ? ಇಪ್ಪತ್ತೈದು ಪದದ ಡಿಕ್ಟೇಶನ್ನಿನಲ್ಲಿ ಮೊದಲು ಎಂಟೊಂಬತ್ತು ಸರಿ ಬರುತ್ತಿದ್ದವು, ಈಗ ಹದಿನೇಳು ಹದಿನೆಂಟು. ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆ ಇಂಗ್ಲಿಷಿನಲ್ಲಿ ಹತ್ತು ಹನ್ನೆರಡು ಮಕ್ಕಳು ಫೇಲಾಗುತ್ತಿದ್ದರು, ಈ ಕಥೆ ಓದಿದ ಬ್ಯಾಚಿನಲ್ಲಿ ಇಬ್ಬರೋ ಮೂವರೋ. ಎಲ್ಲ ಪಾಸಿಂಗ್ ಪ್ಯಾಕೇಜಿನ, ಅಂದರೆ ಪಾಸಾಗುವಷ್ಟನ್ನೇ ಆರಿಸಿ ಓದಿಸುವ ನೋಟ್ಸಿನ ಮಹಿಮೆ ಅನ್ನುವವರಿದ್ದಾರೆ. ಪ್ಯಾಕೇಜ್ ಮೊದಲೂ ಇತ್ತಲ್ಲ!

ಕಂತಿಗೆ ಹೊಸ ಪದ ಏಳರ ಮೇಲೆ ಹೋಗಬಾರದು. ಹಳೇ ಪದ ಯಾವಾಗ ವಾಪಸ್ ಬರಬೇಕು ಅನ್ನುವುದಕ್ಕೆ ನನ್ನದೇ ಒಂದು ಲೆಕ್ಕ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಅಕ್ಷರವೇ ಬಾರದ ನಾಲ್ಕೈದು ಮಕ್ಕಳನ್ನು ಕಥೆಯೊಳಗೆ ಹೇಗೆ ಎಳೆದುಕೊಂಡೆ ಅನ್ನುವುದನ್ನೂ ಇಲ್ಲಿ ಬರೆಯಲ್ಲ, ಬಂದು ನೋಡಿ.

ಆಗದ್ದನ್ನೂ ಹೇಳಬೇಕು. ಆರ್ಟಿಕಲ್ ವಿಷಯದಲ್ಲಿ ಮಂಗಳ ಗ್ರಹದಿಂದ ನಯಾಪೈಸೆ ಉಪಯೋಗವಾಗಲಿಲ್ಲ. ‘ಎ’, ‘ಆ್ಯನ್’, ‘ದಿ’ಗೆ ಕಥೆಯಲ್ಲಿ ಏನೇನೋ ಹೂಡಿದೆ, ಯಾವುದೂ ಅಂಟಲಿಲ್ಲ. ಆ ಹಿರಿಯರು ಅಂದದ್ದು ಅಷ್ಟರ ಮಟ್ಟಿಗೆ ಸರಿ. ಈಗಲೂ ವಾರಕ್ಕೊಂದು ಪೀರಿಯಡ್ ಹಳೇ ಪದ್ಧತಿಯಲ್ಲಿ ಬಿಟ್ಟ ಸ್ಥಳ ತುಂಬಿಸುತ್ತೇನೆ. ‘ಇನ್’, ‘ಆನ್’, ‘ಅಟ್’ ಅರ್ಧಂಬರ್ಧ ಆಗಿದೆ. ಕಂತುಗಳು ಬೇಕಿದ್ದವರು ಪೆನ್‌ಡ್ರೈವ್ ತನ್ನಿ, ಜೊತೆಗೆ ನಿಮ್ಮ ಮಕ್ಕಳ ತಪ್ಪು ಸ್ಪೆಲಿಂಗಿನ ಪಟ್ಟಿಯನ್ನೂ ತನ್ನಿ. ನನ್ನ ಹುಡುಗರ ತಪ್ಪು ನಿಮ್ಮ ಊರಲ್ಲಿ ನಡೆಯುವುದಿಲ್ಲ, ಕಥೆಯ ಆ ಭಾಗ ನೀವೇ ಬರೆದುಕೊಳ್ಳಬೇಕು.