ಅಪ್ಪನ ಟ್ಯೂಬ್ ಬರೋವರೆಗೂ ಕಾದಿದ್ದು: ನನ್ನ ಅನುಭವ

ನಾನು ನರ್ಸ್, ಸೋಮವಾರಪೇಟೆ ಕಡೆಯವಳು. ಹುಟ್ಟಿನಿಂದಲೇ ಹೃದಯದ ತೊಂದರೆ ಇರೋ ಮಕ್ಕಳ ಜೀನ್ ಬಗ್ಗೆ ಒಂದು ಸಂಶೋಧನೆ ನಡೀತಿದೆ, ಅದಕ್ಕೆ ಕೊಡಗಿನ ಮನೆಗಳಿಗೆ ಹೋಗಿ ಸ್ಯಾಂಪಲ್ ತರೋದು ನನ್ನ ಕೆಲಸ. ಹೇಳೋಕೆ ಸುಲಭ, ಮಗು, ಅಮ್ಮ, ಅಪ್ಪ, ಮೂರೂ ಜನದ ರಕ್ತ ತಗೋಬೇಕು, ಹೆಸರು ಬರೀಬೇಕು, ಲ್ಯಾಬಿಗೆ ಮುಟ್ಟಿಸ್ಬೇಕು. ಟ್ರಯೋ ಅಂತೀವಿ ಇದಕ್ಕೆ. ಮೂರರಲ್ಲಿ ಒಂದು ತಪ್ಪಿದ್ರೂ ಉಳಿದೆರಡನ್ನ ಇಟ್ಕೊಂಡು ಪೂರ್ತಿ ಉತ್ತರ ಹೇಳಕ್ಕಾಗಲ್ಲ, ಮತ್ತೆ ಯಾವಾಗ್ಲೂ ತಪ್ಪೋದು ಅಪ್ಪಂದೇ. ಹೊಸದಾಗಿ ಈ ಕೆಲಸಕ್ಕೆ ಬರೋ ಹುಡುಗೀರು ನನ್ನನ್ನ ಕೇಳ್ತಾರೆ ಹೇಗೆ ಮಾಡ್ತೀರಿ ಅಂತ, ಅವರಿಗೆ ನಾನು ಹೇಳೋದು ಒಂದೇ ಮನೆ ಕತೆ, ಯಾಕಂದ್ರೆ ನಾನು ಮಾಡಬಾರದ ತಪ್ಪೆಲ್ಲ ಅಲ್ಲೇ ಮಾಡಿದೀನಿ.

2021ರ ಫೆಬ್ರವರಿ. ಶ್ರೀಮಂಗಲದಿಂದ ಒಳಗೆ ಒಂದು ಸಣ್ಣ ತೋಟದ ಮನೆ, ಕಣದ ತುಂಬಾ ರೋಬಸ್ಟಾ ಹರಡಿದ್ರು. ಮಗೂಗೆ 9 ತಿಂಗಳು, ಗಂಡು. ಹೃದಯದ ಕೆಳಗಿನ ಎರಡು ಕೋಣೆ ನಡುವೆ ತೂತು, ಶ್ವಾಸಕೋಶಕ್ಕೆ ರಕ್ತ ಹೋಗೋ ದಾರಿ ಕಿರಿದು, ಟೆಟ್ರಾಲಜಿ ಅಂತಾರಲ್ಲ ಅದು. ಅಪ್ಪ ಮಿಲಿಟರೀಲಿ, ಉತ್ತರದಲ್ಲೆಲ್ಲೋ ಡ್ಯೂಟಿ. ಮನೇಲಿ ಅಮ್ಮ, ಅತ್ತೆ, ಏಳು ವರ್ಷದ ಅಕ್ಕ.

ಮೊದಲನೇ ತಪ್ಪು ಬಾಯಿಂದ ಬಂತು. "ಜೀನಿನಲ್ಲಿ ಏನಾದ್ರೂ ದೋಷ ಇರಬಹುದು, ಅದನ್ನ ನೋಡೋಕೆ ರಕ್ತ ಬೇಕು" ಅಂದೆ, ನಮ್ಮ ಫಾರಮ್ಮಲ್ಲೂ ಹಾಗೇ ಅಚ್ಚಾಗಿತ್ತು. ಅತ್ತೆ ತಕ್ಷಣ ಸೊಸೆ ಕಡೆ ತಿರುಗಿದ್ರು, "ನೋಡು, ಡಾಕ್ಟ್ರ ಕಡೆಯವರೇ ಹೇಳ್ತಿದ್ದಾರೆ ದೋಷ ಅಂತ, ಗ್ರಹಣದ ದಿನ ಹೊರಗೆ ಕಾಲಿಡಬೇಡ ಅಂತ ನಾನು ಬಡ್ಕೊಂಡೆ." 2019ರ ಡಿಸೆಂಬರ್ 26ರ ಕಂಕಣ ಗ್ರಹಣ, ಕುಟ್ಟದ ಹತ್ರ ಕಾಯಿಮಾನಿಯಲ್ಲಿ ಉಂಗುರ ನೋಡೋಕೆ ಎಲ್ಲೆಲ್ಲಿಂದಲೋ ಜನ ಬಂದಿದ್ರಲ್ಲ, ಅವತ್ತು ಬೆಳಗ್ಗೆ ಈಕೆ ಬಸುರಿ, ಕಣದಲ್ಲಿ ಕಾಫಿ ತಿರುವಿ ಹಾಕೋಕೆ ಹೊರಗೆ ಬಂದಿದ್ರಂತೆ. ಅಷ್ಟೇ. ಒಂದು ವರ್ಷದಿಂದ ಆ ಮನೇಲಿ ಅದೇ ಮಾತು, ನಾನು ಹೋಗಿ ಅದಕ್ಕೆ ಸೀಲ್ ಒತ್ತಿದ ಹಾಗಾಯ್ತು.

ಎರಡನೇ ತಪ್ಪು ಇನ್ನೂ ದೊಡ್ಡದು. ಮಗೂಗೆ ಮನೇಲೇ ಸೂಜಿ ಚುಚ್ಚಿದೆ. ಅದು ಅಳೋಕೆ ಶುರು ಮಾಡ್ತು, ಅತ್ತು ಅತ್ತು ತುಟಿ ನೇರಳೆ ಆಯ್ತು, ಉಗುರು ನೀಲಿ, ಆಮೇಲೆ ಅಳುವೇ ನಿಂತುಹೋಯ್ತು. ಇಂಥ ಮಕ್ಕಳಲ್ಲಿ ಆಗೋ ಸ್ಪೆಲ್ ಇದು, ಅತ್ತಾಗ ಮೊದಲೇ ಕಿರಿದಾಗಿರೋ ದಾರಿ ಇನ್ನೂ ಬಿಗಿಯಾಗಿ ಆಮ್ಲಜನಕ ಕಡಿಮೆ ಇರೋ ರಕ್ತವೇ ಮೈಗೆ ಹೋಗುತ್ತೆ, ಪ್ರಾಣಕ್ಕೇ ಅಪಾಯ. ನಾನು ಕಟ್ಟಿದ್ದ ರಬ್ಬರ್ ಬಿಚ್ಚೋ ಹೊತ್ತಿಗೆ ಆ ತಾಯಿ ಮಗೂನ ಮಡಿಲಿಗೆ ಎಳ್ಕೊಂಡು ಎರಡೂ ಮಂಡಿ ಮಡಚಿ ಎದೆಗೆ ಒತ್ತಿ ಹಿಡ್ಕೊಂಡ್ರು, ಕಿವಿ ಹತ್ರ ಏನೋ ಗುನುಗ್ತಾ ಕೂತ್ರು. ಆಸ್ಪತ್ರೇಲಿ ಹೇಳಿಕೊಟ್ಟಿದ್ರಂತೆ. ಮಂಡಿ ಹಾಗೆ ಒತ್ತಿದ್ರೆ ಮೈ ಕಡೆ ಹೋಗೋ ರಕ್ತಕ್ಕೆ ಒತ್ತಡ ಹೆಚ್ಚಾಗಿ ಶ್ವಾಸಕೋಶದ ಕಡೆ ಸ್ವಲ್ಪ ಜಾಸ್ತಿ ಹರಿಯುತ್ತೆ. ಸ್ವಲ್ಪ ಹೊತ್ತಾದ್ಮೇಲೆ ತುಟಿಗೆ ಬಣ್ಣ ಬಂತು. ನನ್ನ ಕೈ ನಡುಗ್ತಾನೇ ಇತ್ತು. ಅವತ್ತಿಂದ ಇಂಥ ಮಗೂಗೆ ಮನೇಲಿ ನಾನು ಸೂಜಿ ಮುಟ್ಟಿಸಿಲ್ಲ. ಆಸ್ಪತ್ರೇಲಿ ಹೇಗಿದ್ರೂ ಟೆಸ್ಟಿಗೆ ರಕ್ತ ತೆಗೀತಾರಲ್ಲ, ಆಗ ನಮಗೂ ಒಂದೆರಡು ಎಂಎಲ್ ಸೇರಿಸಿ ತೆಗೀರಿ ಅಂತ ಮೊದಲೇ ಹೇಳಿಟ್ಟಿರ್ತೀನಿ. ಈ ಮಗೂದೂ ಹಾಗೇ ತಗೊಂಡಿದ್ದು.

ಎರಡನೇ ಸಲ ಹೋದಾಗ ದೋಷ ಅನ್ನೋ ಪದವನ್ನೇ ಬಿಟ್ಟೆ. ಅಕ್ಕ ಜಗಲೀಲಿ ಕೂತು ಪುಸ್ತಕ ನೋಡ್ಕೊಂಡು ಕಾಪಿ ಬರೀತಿದ್ಲು, ಅವಳ ನೋಟ್‌ಬುಕ್ ತಗೊಂಡು ನೋಡಿದ್ರೆ ನಡುವೆ ಒಂದು ಸಾಲು ಬಿಟ್ಟುಹೋಗಿತ್ತು, ಮೇಲಿನ ಸಾಲೂ ಕೆಳಗಿನ ಸಾಲೂ "ಮತ್ತು" ಅಂತಲೇ ಶುರುವಾಗೋದು, ಕಣ್ಣು ಜಾರಿದೆ. ಅದನ್ನೇ ಅತ್ತೆಗೆ ತೋರಿಸ್ದೆ. ಅಜ್ಜಿ, ಪುಸ್ತಕ ಸರಿಯಾಗೇ ಇದೆ, ಬರೆದ ಹುಡುಗಿನೂ ಜಾಣೆ, ಕಾಪಿ ಮಾಡೋವಾಗ ಒಂದು ಸಾಲು ತಪ್ಪಿದೆ, ಮಗು ಹೊಟ್ಟೇಲಿ ಮೂಡೋವಾಗಲೂ ಅಪ್ಪ ಅಮ್ಮನ ಪುಸ್ತಕದಿಂದ ಹೀಗೇ ಕಾಪಿ ಆಗೋದು ಅಂದೆ. ಆಮೇಲೆ ಬೆರಳಲ್ಲಿ ಲೆಕ್ಕ ಹಾಕಿಸ್ದೆ, ಹೃದಯ ರೂಪ ತಗೊಳ್ಳೋದು ಮೂರನೇ ವಾರದಿಂದ ಎಂಟನೇ ವಾರದೊಳಗೆ, ಗ್ರಹಣದ ದಿನ ಈಕೆಗೆ ಐದನೇ ತಿಂಗಳು, ಅಷ್ಟೊತ್ತಿಗೆ ಹೃದಯದ ಕೆಲಸ ಮುಗಿದು ಎಷ್ಟೋ ದಿನ ಆಗಿತ್ತು. ಅತ್ತೆ ಮಾತಾಡಲಿಲ್ಲ. ಸೊಸೆ ಮಾತ್ರ ಬೆರಳು ಮತ್ತೆ ಮತ್ತೆ ಎಣಿಸ್ತಾ ಇದ್ರು.

ಮಗೂನ ರಿಪೋರ್ಟ್ ಬಂತು. ಜೀನುಗಳನ್ನ ಹೊತ್ತಿರೋ ಕ್ರೋಮೋಸೋಮ್‌ಗಳಲ್ಲಿ 22ನೇದ್ರಲ್ಲಿ ಒಂದು ತುಂಡು ಇಲ್ಲ, 22ಕ್ಯೂ11.2 ಡಿಲೀಷನ್. ಸಾಮಾನ್ಯವಾಗಿ ಇದ್ರಲ್ಲಿ ಹೋಗೋದು ಡಿಎನ್‌ಎಯ ಸುಮಾರು 30 ಲಕ್ಷ ಅಕ್ಷರ, ಹೃದಯದಿಂದ ಹೊರಡೋ ದೊಡ್ಡ ರಕ್ತನಾಳ ಬೆಳೆಯೋಕೆ ಬೇಕಾದ ಟಿಬಿಎಕ್ಸ್1 ಅನ್ನೋ ಜೀನೂ ಆ ತುಂಡಲ್ಲೇ ಇರೋದು. ಜೀನ್ ಟೆಸ್ಟಿಂದ ಏನುಪಯೋಗ, ಆಪರೇಷನ್ ಹೇಗಿದ್ರೂ ಮಾಡ್ಲೇಬೇಕಲ್ಲ ಅಂತ ಡಾಕ್ಟ್ರುಗಳೇ ಕೆಲವರು ಕೇಳ್ತಾರೆ, ನಂಗೆ ತುಂಬಾ ಬೇಜಾರಾಗುತ್ತೆ. ಈ ಮಕ್ಕಳಿಗೆ ಕ್ಯಾಲ್ಸಿಯಂ ಇಳಿದು ಫಿಟ್ಸ್ ಬರಬಹುದು, ರೋಗ ನಿರೋಧಕ ಕಣ ಕಡಿಮೆ ಇರಬಹುದು, ಹಾಗಾಗಿ ಆಪರೇಷನ್ನಲ್ಲಿ ಕೊಡೋ ರಕ್ತಾನ ಇರೇಡಿಯೇಟ್ ಮಾಡಿಸಿಯೇ, ಅಂದ್ರೆ ವಿಕಿರಣ ಹಾಯಿಸಿಯೇ ಕೊಡಬೇಕಾಗುತ್ತೆ. ಆ ಒಂದು ಹಾಳೆ ಆಪರೇಷನ್ ಟೀಮಿಗೆ ಮೊದಲೇ ಸಿಕ್ತು, ಆಪರೇಷನ್ ಚೆನ್ನಾಗೇ ಆಯ್ತು.

ಉಳಿದಿದ್ದು ಅಪ್ಪ ಅಮ್ಮಂದು. ಈ ಡಿಲೀಷನ್ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಹೊಸದಾಗಿ ಆಗಿರುತ್ತೆ, ಒಂದರಲ್ಲಿ ಅಪ್ಪ ಅಥವಾ ಅಮ್ಮನಿಂದ ಬಂದಿರುತ್ತೆ, ಹಾಗೆ ಬಂದಿದ್ರೆ ಮುಂದಿನ ಮಗೂಗೂ ಬರೋ ಸಾಧ್ಯತೆ ಅರ್ಧಕ್ಕರ್ಧ. ಅಮ್ಮಂದು ನೋಡಿದ್ವಿ, ಸರಿ ಇತ್ತು. ಅತ್ತೆಗೆ ಈಗ ಬೇರೆ ಭಯ ಹಿಡೀತು, "ನನ್ನ ಮಗ ಗಟ್ಟಿಮುಟ್ಟಾಗಿದ್ದಾನೆ, ಮಿಲಿಟರೀಲಿ ಎಲ್ಲಾ ಟೆಸ್ಟ್ ಮಾಡೇ ತಗೊಂಡಿರೋದು, ಅವನಿಗೆ ಬೇಡ." ಸೊಸೆ ರಕ್ತ ಕೊಡೋವಾಗ ಯಾರೂ ಬೇಡ ಅಂದಿರಲಿಲ್ಲ. ನಾನು ವಾದ ಮಾಡಲಿಲ್ಲ, ಅದು ಆ ಮಗನೇ ತೀರ್ಮಾನ ಮಾಡ್ಬೇಕಾದ ವಿಷಯ. ಒಂದಿನ ರಾತ್ರಿ ಅವರೇ ಫೋನ್ ಮಾಡಿದ್ರು, ಸಿಗ್ನಲ್ ಕಟ್ ಕಟ್ ಆಗ್ತಿತ್ತು, "ಸಿಸ್ಟರ್, ಪುತ್ತರಿ ಹಬ್ಬಕ್ಕೆ ರಜೆ ಸಿಗುತ್ತೆ, ಬಂದ ಮಾರನೇ ದಿನವೇ ತಗೊಳ್ಳಿ, ಅಮ್ಮಂಗೆ ನಾನು ಹೇಳ್ತೀನಿ."

ಅಪ್ಪನ ಜೊತೆ ಮಾತಾಡೋವಾಗ ಒಂದು ವಿಷಯ ನೆನಪಿಡಿ. ಮೂರು ಸ್ಯಾಂಪಲ್ ಜೋಡಿಸಿ ನೋಡೋವಾಗ ಯಾರು ಯಾರ ಮಗು ಅನ್ನೋದೂ ಗೊತ್ತಾಗುತ್ತೆ, ಅದನ್ನ ನಾವು ಯಾರಿಗೂ ಹೇಳಲ್ಲ ಅಂತ ಒಪ್ಪಿಗೆ ಪತ್ರದಲ್ಲೇ ಇದೆ. ಆ ಸಾಲನ್ನ ಅಪ್ಪಂಗೆ ಬೇರೆ, ಅಮ್ಮಂಗೆ ಬೇರೆ ಕೂರಿಸಿ ಓದಿ ಹೇಳ್ಬೇಕು, ಇಬ್ಬರನ್ನೂ ಒಟ್ಟಿಗೆ ಕೂರಿಸಿ ಅಲ್ಲ, ಅತ್ತೆ ಮುಂದೆ ಅಂತೂ ಅಲ್ವೇ ಅಲ್ಲ.

ಆ ಅಪ್ಪ ರಜೆಗೆ ಬಂದಾಗ ಅವರ ರಕ್ತ ಎರಡು ಟ್ಯೂಬಲ್ಲಿ ತಗೊಂಡೆ. ನೇರಳೆ ಮುಚ್ಚಳದ್ದು ಡಿಎನ್‌ಎಗೆ, ಅದು ಫ್ರಿಜ್ಜಲ್ಲಿ ಕೆಲವು ದಿನ ತಡ್ಕೊಳ್ಳುತ್ತೆ. ಹಸಿರು ಮುಚ್ಚಳದ್ದು ಕ್ರೋಮೋಸೋಮ್ ನೋಡೋಕೆ, ಅದ್ರಲ್ಲಿ ಕಣ ಜೀವಂತ ಇರಬೇಕು, ಐಸಿಗೆ ತಾಗಬಾರದು, ಬೇಗ ಮುಟ್ಟಬೇಕು. ಎರಡನ್ನೂ ಅದಲು ಬದಲು ಮಾಡಬಾರದು, ಹಸಿರು ಮುಚ್ಚಳದ್ರಲ್ಲಿರೋ ಹೆಪಾರಿನ್, ರಕ್ತ ಹೆಪ್ಪುಗಟ್ಟದ ಹಾಗೆ ಹಾಕಿರೋದು, ಡಿಎನ್‌ಎ ಟೆಸ್ಟಿಗೆ ತೊಂದರೆ ಕೊಡುತ್ತೆ. ತಗೊಂಡ ಕೂಡಲೇ ಎಂಟು ಹತ್ತು ಸಲ ಮೆಲ್ಲಗೆ ತಲೆಕೆಳಗೆ ಮಾಡಿ, ಅಲುಗಾಡಿಸಬೇಡಿ. ಅವತ್ತು ಯಾರ ಕೈಲೂ ಕೊಡೋಕೆ ಮನಸ್ಸು ಬರಲಿಲ್ಲ, ಹತ್ತಿಯಲ್ಲಿ ಸುತ್ತಿ ಬ್ಯಾಗಲ್ಲಿ ಇಟ್ಕೊಂಡು ಗೋಣಿಕೊಪ್ಪದಿಂದ ರಾತ್ರಿ ಬಸ್ಸಿಗೆ ನಾನೇ ಬೆಂಗಳೂರಿಗೆ ಹೋದೆ.

ಅಪ್ಪಂದೂ ಸರಿ ಇತ್ತು. ಅಂದ್ರೆ ಇದು ಮಗೂನಲ್ಲೇ ಹೊಸದಾಗಿ ಆಗಿದ್ದು, ಇಂಗ್ಲಿಷಲ್ಲಿ ಡಿ ನೋವೋ ಅಂತಾರೆ. ಇನ್ನೊಂದು ಮಗು ಆದ್ರೆ ಮತ್ತೆ ಇದೇ ಆಗೋ ಸಾಧ್ಯತೆ ನೂರಕ್ಕೆ ಒಂದರ ಆಸುಪಾಸು. ತುಂಡು ಹೋಗೋದಲ್ಲ, ಜೀನಿನ ಅಕ್ಷರದಲ್ಲೇ ಹೊಸದಾಗಿ ಆಗೋ ಸಣ್ಣ ತಪ್ಪುಗಳು ಎಷ್ಟು ಅಂತ 2013ರಲ್ಲಿ ಅಮೆರಿಕದಲ್ಲಿ 362 ಟ್ರಯೋ ನೋಡಿ, ತೀವ್ರ ಹೃದಯ ತೊಂದರೆ ಇರೋ ಮಕ್ಕಳಲ್ಲಿ ಸುಮಾರು 10 ಪರ್ಸೆಂಟ್‌ಗೆ ಇವು ಕಾರಣ ಅಂತ ಅಂದಾಜು ಮಾಡಿದ್ರು, ಅಷ್ಟೂ ಮನೆಗಳಲ್ಲಿ ಅಪ್ಪಂದಿರೂ ಕೈ ಚಾಚಿದ್ದಕ್ಕೇ ಆ ಲೆಕ್ಕ ಸಿಕ್ಕಿದ್ದು. ನಾನು ವಿಷಯ ಹೇಳಿದಾಗ ಆ ತಾಯಿ ಒಂದೇ ಪ್ರಶ್ನೆ ಕೇಳಿದ್ರು, "ಇದನ್ನ ಕನ್ನಡದಲ್ಲಿ ಒಂದು ಕಾಗದದ ಮೇಲೆ ಬರೆದು ಕೊಡ್ತೀರಾ ಅಕ್ಕಾ?" ಬರೆದು ಕೊಟ್ಟೆ. ಗೋಡೆಗೆ ಅಂಟಿಸಿದ್ದಾರೆ, ಕ್ಯಾಲೆಂಡರ್ ಪಕ್ಕ.

ಈಗ ನನಗೆ ಇನ್ನೊಂದು ಕೆಲಸನೂ ಸೇರಿದೆ, ಹೃದಯ ಕಸಿ ಆದವರ ರಕ್ತ ತರೋದು. ವಿರಾಜಪೇಟೆ ಕಡೆ ಒಬ್ಬ ಹುಡುಗ ಇದ್ದಾನೆ. ಕಸಿ ಹೃದಯದ ಪ್ರತಿ ಕಣದಲ್ಲೂ ಇರೋದು ದಾನಿಯ ಡಿಎನ್‌ಎ, ಅದೇ ನೋಟ್‌ಬುಕ್ ಲೆಕ್ಕದಲ್ಲಿ ಹೇಳೋದಾದ್ರೆ ಬೇರೆಯವರ ಕೈಬರಹ. ಮೈ ಆ ಹೃದಯಾನ ತಿರಸ್ಕರಿಸೋಕೆ ಶುರು ಮಾಡಿದ್ರೆ ಕಣಗಳು ಒಡೆದು ಆ ಕೈಬರಹದ ಚೂರುಗಳು ರಕ್ತದಲ್ಲಿ ಜಾಸ್ತಿ ತೇಲ್ತವೆ, ಅದನ್ನ ಅಳೆದ್ರೆ ತಿರಸ್ಕಾರ ಬೇಗ ಗೊತ್ತಾಗುತ್ತೆ, ಕತ್ತಿನ ರಕ್ತನಾಳದಿಂದ ತಂತಿ ಇಳಿಸಿ ಹೃದಯದ ಚೂರು ಕಿತ್ತು ನೋಡೋ ಬಯಾಪ್ಸಿ ಸಂಖ್ಯೆ ಕಡಿಮೆ ಮಾಡಬಹುದು. ಮೈ ಕಸಿ ಹೃದಯಾನ ತಿರಸ್ಕರಿಸದ ಹಾಗೆ ಕೊಡೋ ಟ್ಯಾಕ್ರೋಲಿಮಸ್ ಮಾತ್ರೆದೂ ಜೀನ್ ಕತೆನೇ, ಆ ಮಾತ್ರೆಯನ್ನ ಮೈಯಲ್ಲಿ ಒಡೆಯೋ ಸಿವೈಪಿ3ಎ5 ಅನ್ನೋ ಜೀನ್ ಚುರುಕಾಗಿರೋರಲ್ಲಿ ಮಾತ್ರೆ ಬೇಗ ಕರಗಿಹೋಗುತ್ತೆ, ಡೋಸ್ ಜಾಸ್ತಿ ಬೇಕು. ಇವನಿಗೆ ಹಾಗೇ. ರಕ್ತದಲ್ಲಿ ಮಾತ್ರೆ ಎಷ್ಟಿದೆ ಅಂತ ನೋಡೋಕೆ ರಕ್ತಾನ ಬೆಳಗಿನ ಮಾತ್ರೆಗೆ ಮೊದಲೇ ತೆಗೀಬೇಕು, ಅದಕ್ಕೆ ನಾನು ಮೊದಲ ಬಸ್ಸಲ್ಲಿ ಹೋಗ್ತೀನಿ. ಮಾತ್ರೆ ಅಂಗೈಯಲ್ಲಿ, ನೀರಿನ ಲೋಟ ಪಕ್ಕದಲ್ಲಿ ಇಟ್ಕೊಂಡು ಜಗಲೀಲಿ ಕಾದು ಕೂತಿರ್ತಾನೆ, ನಾನು ಸೂಜಿ ತೆಗೆದು ಹತ್ತಿ ಒತ್ತಿದ ಮೇಲೇ ನುಂಗೋದು.

ಅವರ ಹಿತ್ತಲಲ್ಲಿ ಒಂದು ಚಕ್ಕೋತ ಮರ ಇದೆ. ಚಕ್ಕೋತ ತಿಂದ್ರೆ ಈ ಮಾತ್ರೆ ರಕ್ತದಲ್ಲಿ ವಿಪರೀತ ಏರಬಹುದು, ಅದಕ್ಕೆ ಮುಟ್ಟಲೇಬಾರದು ಅಂತ ಹೇಳಿದೀನಿ. ಅವರಮ್ಮ ಅವತ್ತಿಂದ ಹಣ್ಣು ಮನೆಯೊಳಗೆ ತಂದಿಲ್ಲ, ನಾನು ಹೊರಡೋವಾಗ ಚೀಲಕ್ಕೆ ತುಂಬಿ ಗೇಟಿನ ಹತ್ರ ಇಟ್ಟಿರ್ತಾರೆ.